ಅಂಗೈಯಗಲದ ಯಶವಂತ

"ಯಂಕಮ್ಮಾ, ಅಲ್ಲಿ ನೋಡ್ರಿ! ಮಾರಿ ಏನ್ ಚಂದ ಐತಿ ಅವಂದು. ಆದ್ರ ಒಳಗ ಕುರಿ ತಲಿ ಇಟ್ಟಾನ ದೇವ್ರು. ಅಂಗಡ್ಯಾಂವ ಕೇಳಿದಷ್ಟೂ ತಗದ್ ಕೊಡಾಕತ್ತಾನ."

ಹೈದರಾಬಾದಿನ ಸುಲ್ತಾನ್ ಬಜಾರಿನ ಗದ್ದಲದಲ್ಲಿ ತನ್ನ ಗುಲ್ಬರ್ಗಾ ಕನ್ನಡ ಯಾರಿಗೆ ತಿಳಿಯಬೇಕು ಎಂಬ ಧೈರ್ಯದಿಂದ ಗುರುದೇವಿ ಗಟ್ಟಿಯಾಗಿಯೇ ಅಂದಿದ್ದಳು.

ಬೆಡ್‌ಶೀಟಿನ ಅಂಗಡಿಯ ಮುಂದೆ ಪರ್ಸು ಬಿಚ್ಚಿ ನಿಂತಿದ್ದ ಹುಡುಗ ಕೈಯನ್ನು ಅಲ್ಲಿಗೇ ನಿಲ್ಲಿಸಿದ. ನಿಧಾನವಾಗಿ ತಿರುಗಿದ. ಒಂದು ಹುಬ್ಬು ಮೇಲೇರಿತ್ತು.

"ಕುರಿಗೆ ಕನ್ನಡ ಬರ್ತದೆ ಮಾರಾಯ್ರೇ," ಎಂದ.

ಗುರುದೇವಿಗೆ ಕಿವಿಯವರೆಗೂ ಬಿಸಿಯೇರಿತು. ಓಡಿಹೋಗೋಣವೆಂದರೆ ಹಿಂದೆ ಬಳೆಯ ಗಾಡಿ, ಮುಂದೆ ಅವನು, ಪಕ್ಕದಲ್ಲಿ ಎರಡು ಚೀಲ ಹಿಡಿದು ಬಾಯ್ತುಂಬ ನಗುತ್ತಿದ್ದ ಮನೆ ಮಾಲಕಿ ಯಂಕಮ್ಮ.

"ಮತ್ತೆ ಈ ಮಾರಿ ಚಂದ ಅಂದ್ರೆ ಎಂತ?" ಅವನು ಕೇಳಿದ. "ನಮ್ಮ ಕುಂದಾಪುರದ ಕಡೆ ಮಾರಿ ಅಂದ್ರೆ ಗುಡಿಯಲ್ಲಿ ಇರುವವಳು. ಹೊಗಳಿದ್ದೋ ಬೈದದ್ದೋ ಗೊತ್ತಾಗ್ಲಿಲ್ಲ."

"ಮಾರಿ ಅಂದ್ರ ಮುಖ ರೀ," ಎಂದಳು ಗುರುದೇವಿ, ತನ್ನ ಚಪ್ಪಲಿಯನ್ನೇ ನೋಡುತ್ತ.

"ಓ! ಹಾಗಾದ್ರೆ ಥ್ಯಾಂಕ್ಸ್. ಕುರಿಯದ್ದು ಮನ್ನಾ."

ರಾಯಚೂರಿನಿಂದ ಮದುವೆಯಾಗಿ ಬಂದು ಅರ್ಧ ಆಯುಷ್ಯವನ್ನು ಹೈದರಾಬಾದಿನಲ್ಲಿ ಕಳೆದಿದ್ದ ಯಂಕಮ್ಮ ಅಂಗಡಿಯವನ ಜೊತೆ ಉರ್ದುವಿನಲ್ಲಿ ಜಗಳ ತೆಗೆದು, ತೆಲುಗಿನಲ್ಲಿ ಮುಂದುವರಿಸಿ, ಕೊನೆಗೆ ಅದೇ ದುಡ್ಡಿಗೆ ಅವನಿಗೆ ಎರಡು ಬೆಡ್‌ಶೀಟು ಕೊಡಿಸಿದಳು. ಹುಡುಗ ಕೃತಜ್ಞತೆಯಿಂದ ಅವರಿಬ್ಬರಿಗೂ ಚಹಾ ಕೊಡಿಸಿದ. ಹೆಸರು ಯಶವಂತ. ಮಾಧಾಪುರದ ಕಡೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವನ ಉದ್ಯೋಗವಂತೆ.

"ಅಂಗಡ್ಯಾಂವನ ರೇಟಿನ್ಯಾಗ ಮಾತ್ರ ಒಂದೂ ಸಿಗಂಗಿಲ್ಲೇನು?" ಗುರುದೇವಿಗೆ ಬಾಯಿ ಸುಮ್ಮನಿರಲಿಲ್ಲ.

ಅವನು ಚಹಾದ ಗ್ಲಾಸಿನ ಮೇಲಿನಿಂದ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟೇನೂ ಇರಲಿಲ್ಲ.

*

ಹಾಗೆ ಶುರುವಾದ ಗೆಳೆತನ ಮುಂದಿನ ವರ್ಷದ ಹೊತ್ತಿಗೆ ವಾರಕ್ಕೊಮ್ಮೆಯ ಅಭ್ಯಾಸವಾಗಿತ್ತು.

ಮಾಧಾಪುರದ ಬಂಡೆಗಲ್ಲುಗಳ ನಡುವೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಮೇಲೇಳುತ್ತಿದ್ದ ಕಾಲ ಅದು. ಗುರುದೇವಿ ಗುಲ್ಬರ್ಗಾದಲ್ಲಿ ಚಿತ್ರಕಲೆ ಓದಿ ಬಂದವಳು. ಬಂಜಾರಾ ಹಿಲ್ಸ್‌ನ ಆ್ಯನಿಮೇಷನ್ ಕಂಪನಿಯೊಂದರಲ್ಲಿ ವಿದೇಶದ ಮಕ್ಕಳು ನೋಡುವ ಕಾರ್ಟೂನುಗಳಿಗೆ ಕಂಪ್ಯೂಟರಿನಲ್ಲಿ ಮೋಡ ತುಂಬುವುದು ಅವಳ ಕೆಲಸ. ವಾರವಿಡೀ ಮೋಡ. ಭಾನುವಾರ ಬಂತೆಂದರೆ ತಾರ್ನಾಕದಲ್ಲಿ ಯಂಕಮ್ಮನ ಮಹಡಿ ಮೇಲಿನ ತನ್ನ ಒಂದೇ ಕೋಣೆಯಲ್ಲಿ ಕೂತು ನಿಜವಾದ ಬಣ್ಣ ಕಲಸುತ್ತಿದ್ದಳು. ಕೋಣೆ ಚಿಕ್ಕದು, ಹಾಗಾಗಿ ಚಿತ್ರಗಳೂ ಚಿಕ್ಕವು. ಅಂಗೈಯಗಲದ ಪ್ಲೈವುಡ್ ತುಂಡಿಗೆ ಬಿಳಿ ಬಳಿದು, ಅದರಲ್ಲೇ ಒಂದು ಮುಖ, ಒಂದು ಬೇವಿನ ಟೊಂಗೆ, ಯೂನಿವರ್ಸಿಟಿಯ ಕಲ್ಲುಗೋಡೆಯ ಮೇಲಿನ ಸಂಜೆಬಿಸಿಲು.

ಯಶವಂತ ಬೈಕಿನಲ್ಲಿ ಇಡೀ ಊರು ದಾಟಿ ಬರುತ್ತಿದ್ದ. ಯಂಕಮ್ಮನ ಜೋಳದ ರೊಟ್ಟಿ ತಿಂದು, ಪುಂಡಿಪಲ್ಯದ ಖಾರಕ್ಕೆ ಕಣ್ಣಲ್ಲಿ ನೀರು ಹಾಕಿಕೊಂಡು, "ಇದರ ಪಕ್ಕಕ್ಕೆ ಒಂದು ಬಂಗಡೆ ಮೀನು ಇದ್ದಿದ್ರೆ ಸ್ವರ್ಗ" ಎನ್ನುತ್ತಿದ್ದ. ಗುರುದೇವಿಯನ್ನು 'ಗುರು' ಎಂದು ಕರೆಯುತ್ತಿದ್ದ. ಅವಳು ಚಿತ್ರ ಬರೆಯುವಾಗ ಮೂಲೆಯ ಮಂಚದಲ್ಲಿ ಕೂತು ಅದರಲ್ಲೂ ತಪ್ಪು ಹುಡುಕುತ್ತಿದ್ದ.

"ಗುರು, ಈ ಕಾಗೆಗೆ ಒಂದು ಕಾಲು ಕಮ್ಮಿ ಉಂಟು."

"ಇನ್ನೊಂದು ಮಡಚಿಕೊಂಡೈತಿ."

"ಹಾಗಾದ್ರೆ ಅದು ಬಗ್ ಅಲ್ಲ, ಫೀಚರ್."

ಅವಳು ಬ್ರಷ್ಷಿನ ಹಿಂಬದಿಯಿಂದ ಅವನ ಮೊಣಕಾಲಿಗೆ ಕುಟ್ಟುವಳು. ಅವನು ಸತ್ತೆ ಎಂಬಂತೆ ಮಂಚದ ಮೇಲೆ ಬೀಳುವನು.

ಇದಕ್ಕೆ ಏನು ಹೆಸರೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಒಮ್ಮೆ ಅವನ ಆಫೀಸಿನಿಂದ ಫೋನ್ ಬಂದಾಗ, "ಫ್ರೆಂಡ್ ಒಬ್ಬರ ಮನೆಯಲ್ಲಿದ್ದೇನೆ. ಇಲ್ಲ ಮಾರಾಯ, ಫ್ರೆಂಡ್, ಅಷ್ಟೇ," ಎಂದಿದ್ದ. ಗುರುದೇವಿ ಹಾಲು ಕಾಸುತ್ತ ಅದನ್ನು ಕೇಳಿಸಿಕೊಂಡಳು. ಆ 'ಅಷ್ಟೇ' ಅವಳ ಎದೆಯೊಳಗೆ ಸಣ್ಣ ಮುಳ್ಳಿನಂತೆ ಉಳಿಯಿತು. ಅದಾಗಿ ಸ್ವಲ್ಪ ದಿನಕ್ಕೆ ಯಂಕಮ್ಮ ಮೆಟ್ಟಿಲಲ್ಲಿ ನಿಂತು, "ಹುಡುಗ ಚಲೋ ಅದಾನ, ಏನ ವಿಚಾರ?" ಎಂದು ಕಣ್ಣು ಮಿಟುಕಿಸಿದಾಗ ಗುರುದೇವಿ ಬೇಕೆಂದೇ ದನಿ ಎತ್ತಿ, "ಛೀ, ಏನಿಲ್ಲಬೇ. ಅವ ನನ್ನ ದೋಸ್ತ," ಎಂದಳು. ಮೇಲೆ ಬಾಗಿಲು ತೆರೆದೇ ಇತ್ತು. ಆ ಭಾನುವಾರ ಯಶವಂತ ಯಾವ ಕಾಗೆಯ ಕಾಲನ್ನೂ ಎಣಿಸದೆ ಬೇಗ ಹೊರಟುಹೋದ.

*

ಚಳಿಗಾಲ ಕಾಲಿಡುವ ಹೊತ್ತಿಗೆ ಒಂದು ಶನಿವಾರ ಅವನು ಬಂದವನೇ ಮೇಜಿನ ಮೇಲೆ ತನ್ನ ಫೋಟೋಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದ.

ಒಂದರಲ್ಲಿ ಕಣ್ಣು ಮುಚ್ಚಿತ್ತು. ಇನ್ನೊಂದರಲ್ಲಿ ಅರ್ಧ ಮುಚ್ಚಿತ್ತು. ಮೂರನೆಯದರಲ್ಲಿ ಮುಚ್ಚಬಾರದೆಂದು ಹಟ ಹಿಡಿದದ್ದರಿಂದ ಹಾವು ನೋಡಿದವನಂತೆ ಕಾಣುತ್ತಿದ್ದ. ಗುರುದೇವಿ ನಕ್ಕು ನಕ್ಕು ನೆಲಕ್ಕೆ ಕೂತಳು.

"ಏನಿವು? ಪೊಲೀಸ್ನೋರು ಹುಡುಕಾಕತ್ತಾರೇನು ನಿನ್ನ?"

"ಪೊಲೀಸರಲ್ಲ. ನನ್ನ ತಂಗಿ. ಪೂರ್ವಿ ಒಂದು ಸಂಬಂಧ ನೋಡಿದ್ದಾಳೆ."

ಅವಳ ನಗು ಇನ್ನೂ ಮುಖದ ಮೇಲಿತ್ತು, ಆದರೆ ಒಳಗೆ ಏನೋ ನಿಂತುಹೋಯಿತು.

"ಹುಡುಗಿ ಶ್ರೀವಿದ್ಯಾ ಅಂತ. ಮೂಲ ಉಡುಪಿ, ಬೆಳೆದದ್ದು ಮೈಸೂರು. ಇಲ್ಲೇ ಐಟಿಯಲ್ಲಿ ಇದ್ದಾಳೆ. ಸ್ಟುಡಿಯೋ ಫೋಟೋ ಕಳಿಸಬೇಡಿ, ಅದರಲ್ಲಿ ಎಲ್ಲ ಗಂಡಸರೂ ಒಂದೇ ಥರ ಕಾಣ್ತಾರೆ ಅಂತ ಹೇಳಿದ್ದಾಳಂತೆ." ಅವನು ಫೋಟೋಗಳನ್ನೇ ನೋಡುತ್ತ, ಅವುಗಳ ಅಂಚು ಸರಿಮಾಡುತ್ತ ಹೇಳಿದ. "ನೀನು ಬರೆದುಕೊಡ್ತೀಯಾ? ಸಣ್ಣದು. ಬೇಡ ಅನ್ನಿಸಿದ್ರೆ... ಬೇಡ ಅನ್ನು ಗುರು."

ಸರಿಯಾಗಿಯೇ ಇದ್ದ ಅಂಚುಗಳನ್ನು ಮತ್ತೊಮ್ಮೆ ಸರಿಮಾಡಿದ.

"ಯಾಕ ಬ್ಯಾಡ?" ಎಂದಳು ಗುರುದೇವಿ. ತನ್ನ ದನಿ ಬೇರೆ ಯಾರದೋ ಅನ್ನಿಸಿತು. "ದೋಸ್ತನ ಕೆಲಸ ಮಾಡ್ಲಿಲ್ಲಂದ್ರ ಹ್ಯಾಂಗ? ಹುಡುಗಿ ನೋಡಿದ ಕೂಡ್ಲೆ ಹಾರ ಹಿಡಕೊಂಡು ಓಡಿ ಬರಬೇಕು, ಹಂಗ ಬರದು ಕೊಡ್ತೀನಿ."

"ಹೌದಾ," ಎಂದ ಅವನು. ಫೋಟೋಗಳನ್ನು ಒಟ್ಟುಮಾಡಿ ಜೇಬಿಗೆ ಹಾಕಿಕೊಂಡ. "ಆಯ್ತು ಹಾಗಾದ್ರೆ."

*

ಯಾರನ್ನಾದರೂ ಮನಸಾರೆ ನೋಡಬೇಕೆಂದರೆ ಒಂದು ನೆಪ ಬೇಕು. ಚಿತ್ರ ಬರೆಯುವವರಿಗೆ ಆ ನೆಪ ಪುಕ್ಕಟೆಯಾಗಿ ಸಿಗುತ್ತದೆ.

ಅವನನ್ನು ಬಾಲ್ಕನಿಯ ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿ, ತಾನು ಎದುರಿಗೆ ಮೋಡಾ ಎಂಬ ಬೆತ್ತದ ಗಿಡ್ಡ ಪೀಠದ ಮೇಲೆ ಕೂತು, ಗುರುದೇವಿ ಆ ವಾರವೆಲ್ಲ ಬಿಡುವು ಸಿಕ್ಕಾಗಲೆಲ್ಲ ನೋಡಿದಳು. ಎಡಹುಬ್ಬಿನ ತುದಿಯ ಹಳೇ ಗಾಯದ ಗೆರೆ. ಚೇಷ್ಟೆ ಮಾಡುವ ಮುಂಚೆ ಒಂದು ಬದಿಗೆ ಸರಿಯುವ ತುಟಿ. ಕಿವಿಯ ಹಿಂದೆ ಬಿಸಿಲು ಬಿದ್ದರೆ ದಾಳಿಂಬೆ ಸಿಪ್ಪೆಯಂತೆ ಕೆಂಪಾಗುವ ಚರ್ಮ. ಇಷ್ಟು ದಿನ ಕದ್ದು ನೋಡಿದ್ದನ್ನೆಲ್ಲ ಈಗ ರಾಜಾರೋಷವಾಗಿ ನೋಡಿದಳು.

"ಅಲ್ಲಾಡಬ್ಯಾಡ."

"ಉಸಿರು ಬಿಡಬಹುದಾ?"

"ಸಣ್ಣಗ."

"ಮೂಗು ತುರಿಸ್ತದೆ."

"ಮದವಿ ಆಗೂತನಕ ತಡಕೋ."

ಅವನು ನಕ್ಕ. ನಕ್ಕು, ಅವಳನ್ನೇ ನೋಡುತ್ತ ಕೂತ. ಬೇರೆ ಎಲ್ಲಿಗೆ ನೋಡಬೇಕೆಂದು ಅವಳು ಹೇಳಿರಲಿಲ್ಲ.

ಮೊದಲ ಸಲ ಬರೆದದ್ದನ್ನು ಅವಳು ಒಪ್ಪಿಕೊಳ್ಳಲು ನಾಚಬೇಕಾಯಿತು. ಕೈ ತಾನಾಗಿಯೇ ಅವನ ಗಲ್ಲವನ್ನು ಚೂಪು ಮಾಡಿತ್ತು, ಕಣ್ಣುಗಳನ್ನು ಕಿರಿದು ಮಾಡಿತ್ತು. ಅದನ್ನು ನೋಡಿದ ಹುಡುಗಿ ಮದುವೆಯಿರಲಿ, ಲಿಫ್ಟಿನಲ್ಲೂ ಅವನ ಜೊತೆ ಹೋಗುತ್ತಿರಲಿಲ್ಲ. ಚಹಾ ತಂದ ಯಂಕಮ್ಮ ಇಣುಕಿ, "ಯಾರವಾ ಇವಾ? ಬಾಡಿಗಿ ವಸೂಲಿ ಮಾಡಾಕ ಬಂದಂಗ ಅದಾನ," ಎಂದಳು.

ಗುರುದೇವಿ ಚಾಕುವಿನಿಂದ ಅದನ್ನು ಕೆರೆದು ಹಾಕಿದಳು. ಎರಡನೆಯದು ಸಿನಿಮಾ ಪೋಸ್ಟರಿನಂತಾಯಿತು, ಅದನ್ನೂ ಕೆರೆದಳು. ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಈ ಮುಖದ ಬಗ್ಗೆ ಸುಳ್ಳು ಬರೆಯುವುದು ತನ್ನಿಂದ ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಹೋಗುವವನು ಹೋಗಲಿ, ಹೋಗುವಾಗ ತನ್ನ ಹಾಗೆಯೇ ಇದ್ದು ಹೋಗಲಿ ಎಂದುಕೊಂಡು, ಕಂಡದ್ದನ್ನು ಕಂಡ ಹಾಗೆ ಬರೆದಳು. ಹುಬ್ಬಿನ ಗೆರೆ, ಸರಿದ ತುಟಿ, ಬಿಸಿಲು, ಎದುರಿಗೆ ನೆಟ್ಟ ಕಣ್ಣು, ಎಲ್ಲವನ್ನೂ. ಅಂಗೈಯಗಲದ ಹಲಗೆಯ ಮೇಲೆ ಯಶವಂತ ಉಸಿರಾಡುವಂತೆ ಕೂತ.

ಅವನು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಒಂದು ತಪ್ಪನ್ನೂ ಹುಡುಕಲಿಲ್ಲ.

"ನಾನು ಹೀಗೆ ಇದ್ದೇನಾ ಗುರು?"

"ಹಿಂಗ ಅದೀ."

ಮರುದಿನ ಚಿತ್ರ ಕುರಿಯರ್‌ನಲ್ಲಿ ಶ್ರೀವಿದ್ಯಾಳ ಹಾಸ್ಟೆಲಿಗೆ ಹೋಯಿತು. ಗುರುದೇವಿ ಬಣ್ಣದ ತಟ್ಟೆ ತೊಳೆಯುತ್ತ ಬಚ್ಚಲಿನಲ್ಲಿ ಅತ್ತಳು. ಆಮೇಲೆ ಮುಖ ತೊಳೆದು, ಟರ್ಪೆಂಟೈನ್ ಕಣ್ಣಿಗೆ ಹೋಯಿತೆಂದು ಯಂಕಮ್ಮನಿಗೆ ಹೇಳಿದಳು. ಬರೆದದ್ದು ನೀರಿನಲ್ಲಿ ಕಲಸುವ ಬಣ್ಣದಿಂದ, ಟರ್ಪೆಂಟೈನ್ ಮನೆಯಲ್ಲೇ ಇರಲಿಲ್ಲ. ಯಂಕಮ್ಮ ಏನೂ ಕೇಳದೆ ಒಂದು ಬಿಸಿ ರೊಟ್ಟಿಗೆ ತುಪ್ಪ ಸವರಿ ಕೊಟ್ಟಳು.

*

ಮುಂದಿನ ವಾರ ಯಶವಂತ ಬರಲಿಲ್ಲ. ಫೋನಿನಲ್ಲಿ ಮಾತ್ರ ಹೇಳಿದ: "ಕಾಫಿಗೆ ಸಿಕ್ಕಿದ್ದೆವು. ಒಳ್ಳೆ ಹುಡುಗಿ. ಚಿತ್ರ ಯಾರು ಬರೆದದ್ದು ಅಂತ ಕೇಳಿ ನಿನ್ನ ನಂಬರ್ ತಗೊಂಡಳು."

ಅದಾದ ಮೇಲೆ ಶ್ರೀವಿದ್ಯಾಳೇ ಫೋನ್ ಮಾಡಿದಳು. ದನಿ ಸಕ್ಕರೆ ಹಾಕಿದ ಹಾಲಿನಂತಿತ್ತು. "ನನಗೂ ಒಂದು ಪೋರ್ಟ್ರೇಟ್ ಮಾಡಿಕೊಡ್ತೀರಾ? ಭಾನುವಾರ ಬರಲಾ?"

ಬರಬೇಡ ಎನ್ನಲು ಕಾರಣವಿರಲಿಲ್ಲ. ಇದ್ದ ಒಂದೇ ಕಾರಣವನ್ನು ಹೇಳುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಬಂದಾಗ ಗುರುದೇವಿ ದ್ವೇಷಿಸಲು ತಯಾರಾಗಿ ನಿಂತಿದ್ದಳು. ಆದರೆ ಶ್ರೀವಿದ್ಯಾ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಅಬ್ಬಾ, ಕೆಳಗಡೆ ಏನ್ರೀ ಆ ಘಮಘಮ? ನನಗೆ ಮೊದಲು ತಿಂಡಿ, ಆಮೇಲೆ ಕಲೆ," ಎಂದು ಯಂಕಮ್ಮನ ಎರಡು ರೊಟ್ಟಿ ತಿಂದು, ಬೆರಳು ನೆಕ್ಕಿ, ಕುರ್ಚಿಯಲ್ಲಿ ಕೂತುಬಿಟ್ಟಳು. ಅಂಥವಳನ್ನು ದ್ವೇಷಿಸುವುದು ಕಷ್ಟ.

ಗುರುದೇವಿ ಪೆನ್ಸಿಲ್ ಎತ್ತಿಕೊಂಡಳು. ದುಂಡು ಮುಖ, ತೀಕ್ಷ್ಣವಾದ ಕಣ್ಣು, ಹಣೆಯ ಮೇಲೆ ಒಂದು ಹಟಮಾರಿ ಕೂದಲು. ಕೈ ಸಲೀಸಾಗಿ ಓಡಿತು.

ಸ್ವಲ್ಪ ಹೊತ್ತಿನ ಮೇಲೆ ಶ್ರೀವಿದ್ಯಾ, "ತೋರಿಸಿ," ಎಂದಳು. ಗುರುದೇವಿ ತೋರಿಸಿದಳು.

"ಚೆನ್ನಾಗಿದೆ. ನನ್ನ ಥರಾನೇ ಇದೆ." ಅವಳು ತನ್ನ ಬ್ಯಾಗಿನಿಂದ ಹತ್ತಿಬಟ್ಟೆಯಲ್ಲಿ ಸುತ್ತಿದ್ದ ಯಶವಂತನ ಚಿತ್ರವನ್ನು ತೆಗೆದು ಇದರ ಪಕ್ಕಕ್ಕಿಟ್ಟಳು. "ಈಗ ನೀವೇ ಎರಡನ್ನೂ ನೋಡಿ. ನಾನು ಇಲ್ಲಿ ಯಾರೋ ಚಿತ್ರ ಬರೀತಿದಾರೆ ಅಂತ ಅವರನ್ನ ನೋಡ್ತಾ ಕೂತಿದೀನಿ. ಇವರು ಯಾರನ್ನ ನೋಡ್ತಾ ಕೂತಿದಾರೆ?"

"ಅಂದ್ರ?"

"ಈ ಚಿತ್ರ ಬಂದ ದಿನ ನಾನು ಇದನ್ನ ದಿಂಬಿನ ಪಕ್ಕ ಇಟ್ಕೊಂಡೆ ರೀ. ಹೇಳೋಕೆ ನಾಚಿಕೆ, ಆದ್ರೂ ಹೇಳ್ತೀನಿ. ಹೀಗೆ ನೋಡೋ ಮನುಷ್ಯ ಸಿಕ್ಕಿದ್ರೆ ನಾಳೆನೇ ಮದುವೆ ಆಗ್ತೀನಿ ಅನ್ನಿಸ್ತು. ಖುಷಿಯಿಂದ ಕಾಫಿಗೆ ಹೋದೆ. ಯಶವಂತ್ ಬಂದ್ರು. ಬಾಗಿಲು ಹಿಡಿದ್ರು, ಬಿಲ್ ಕೊಟ್ರು, ಜೋಕ್ ಹೇಳಿದ್ರು. ಎಲ್ಲಾ ಸರಿ. ಈ ಕಣ್ಣು ಮಾತ್ರ ತಂದಿರಲಿಲ್ಲ." ಅವಳು ಚಿತ್ರವನ್ನು ಬೆರಳಿನಿಂದ ತನ್ನ ಕಡೆಗೆ ತಿರುಗಿಸಿಕೊಂಡಳು. "ನಾನು ಇನ್ನೊಂದು ಕಾಫಿ ತರಿಸಿಕೊಂಡು ಕಾದೆ. ಬರಲೇ ಇಲ್ಲ. ಒಂದು ಸಲ ಬಂತು, ಈ ಚಿತ್ರ ಯಾರು ಬರೆದಿದ್ದು ಅಂತ ಕೇಳಿದಾಗ."

ಗುರುದೇವಿಯ ಕೈಯಲ್ಲಿದ್ದ ಪೆನ್ಸಿಲ್ ಮೋಡಾದ ಕೆಳಗೆ ಉರುಳಿತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

"ನಾ ಕಂಡಿದ್ದಷ್ಟ ಬರದೀನ್ರಿ," ಎಂದಳು ಮೆಲ್ಲಗೆ.

"ಅದೇ ನಾನೂ ಹೇಳ್ತಿರೋದು. ಕಂಡಿದ್ದನ್ನ ಅಷ್ಟು ಚೆನ್ನಾಗಿ ಬರೆದಿದೀರಿ, ಅದೇನು ಅಂತ ಮಾತ್ರ ನೋಡಿಲ್ಲ." ಶ್ರೀವಿದ್ಯಾ ನಕ್ಕಳು, ಆದರೆ ನಗುವಿನ ಅಂಚು ಸ್ವಲ್ಪ ತೇವವಾಗಿತ್ತು. "ನಮ್ಮ ಮನೇಲಿ ಬೇಡ ಅಂತ ಹೇಳ್ತೀನಿ. ನಿಮಗೋಸ್ಕರ ಏನಲ್ಲ, ನನಗೋಸ್ಕರ. ನನ್ನನ್ನೂ ಯಾರಾದ್ರೂ ಹೀಗೆ ನೋಡಬೇಕು. ಸುಮ್ಮನೆ ಬಾಗಿಲು ಹಿಡಿಯೋರು ಸಾಲದು."

ಹೋಗುವಾಗ ತನ್ನ ಪೆನ್ಸಿಲ್ ಚಿತ್ರವನ್ನು ಕೇಳಿ ತೆಗೆದುಕೊಂಡಳು. ಯಶವಂತನದನ್ನು ಮೇಜಿನ ಮೇಲೇ ಬಿಟ್ಟಳು. ಮೆಟ್ಟಿಲಿಳಿದವಳು ಮತ್ತೆ ತಲೆ ಎತ್ತಿ, "ಅವರಿಗೆ ನೀವೇ ಹೇಳಿ ರೀ. ಆ ಮನುಷ್ಯನ್ನ ನಂಬಿಕೊಂಡ್ರೆ ಇಬ್ರಿಗೂ ವಯಸ್ಸಾಗಿಬಿಡುತ್ತೆ," ಎಂದು ಕೂಗಿದಳು. ಯಂಕಮ್ಮ ಅವಳಿಗೆ ಕಟ್ಟಿಕೊಟ್ಟ ರೊಟ್ಟಿಯ ಗಂಟು ಕೈಯಲ್ಲಿ ತೂಗುತ್ತಿತ್ತು.

ಗುರುದೇವಿ ಬಾಗಿಲು ಹಾಕಿ ಚಿತ್ರವನ್ನು ಬೆಳಕಿಗೆ ಹಿಡಿದಳು. ತಾನೇ ಇಟ್ಟ ಒಂದೊಂದು ಬಣ್ಣದ ಚುಕ್ಕೆಯನ್ನೂ ಹೊಸದಾಗಿ ನೋಡಿದಳು. ಕಣ್ಣುಗಳ ಕೆಳಗಿನ ಆ ಮೆತ್ತಗಿನ ನೆರಳು. ಏನೋ ಹೇಳಲು ಹೊರಟು ನಿಂತ ತುಟಿ. ಕುರ್ಚಿಯಲ್ಲಿ ಕೂತು ಅವನು ವಾರವಿಡೀ ಹೇಳಿದ್ದನ್ನು ತನ್ನ ಬೆರಳುಗಳು ಕೇಳಿಸಿಕೊಂಡಿದ್ದವು. ಕೇಳಿಸದೆ ಹೋದದ್ದು ತನಗೊಬ್ಬಳಿಗೇ.

*

ಮರುದಿನ ಅವಳು ಮೋಡಗಳಿಗೆ ರಜೆ ಹಾಕಿ ಮಾಧಾಪುರದ ಬಸ್ಸು ಹತ್ತಿದಳು. ಹೊಸ ಹಳದಿ ಚೂಡಿದಾರ ಹಾಕಿಕೊಂಡಿದ್ದಳು. ತೋಳಿನ ಮೇಲೆ ನೀಲಿ ಬಣ್ಣದ ಕಲೆಯಿರುವುದು ಅರ್ಧ ದಾರಿಯಲ್ಲಿ ಗೊತ್ತಾಯಿತು.

ಅವನ ಆಫೀಸಿನ ಗೇಟಿನಲ್ಲಿ ಸೆಕ್ಯೂರಿಟಿಯವನು, "ಕ್ಯಾ ಕಾಮ್ ಹೈ ಮೇಡಂ?" ಎಂದ. ಏನೆಂದು ಹೇಳುವುದು? ಗುರುದೇವಿ ಮೊಬೈಲ್ ತೆಗೆದು, "ಕೆಳಗ ಬಾ," ಎಂದಷ್ಟೇ ಹೇಳಿ ಇಟ್ಟಳು.

ಯಶವಂತ ಕೊರಳಿನ ಐಡಿ ಕಾರ್ಡು ಹಾರಾಡುವಂತೆ ಓಡಿ ಬಂದ. "ಎಂತ ಆಯ್ತು ಗುರು? ಯಂಕಮ್ಮ ಹುಷಾರುಂಟಾ?"

"ಎಲ್ಲಾರೂ ಆರಾಮ ಅದಾರ."

"ಹಾಗಾದ್ರೆ ಸಮಾಧಾನ ಮಾಡ್ಲಿಕ್ಕೆ ಬಂದದ್ದಾ? ಗೊತ್ತಾಯ್ತಾ ನಿಂಗೆ?" ಅವನು ಗೇಟಿನಾಚೆಯ ಹೊಂಗೆಮರದ ನೆರಳಿಗೆ ಅವಳನ್ನು ಕರೆದೊಯ್ದ. "ಶ್ರೀವಿದ್ಯಾ ಬೇಡ ಅಂತ ಹೇಳಿದ್ಳಂತೆ. ರಿಜೆಕ್ಟ್ ಆದೆ ಮಾರಾಯ್ತಿ. ಇದಕ್ಕೆಲ್ಲ ನಿನ್ನ ಚಿತ್ರವೇ ಕಾರಣ."

ರಿಜೆಕ್ಟ್ ಆದವನ ಮುಖ ಅಷ್ಟು ಗೆಲುವಾಗಿರುವುದನ್ನು ಅವಳು ಎಂದೂ ಕಂಡಿರಲಿಲ್ಲ.

"ಹೌದು. ನನ್ನ ಚಿತ್ರದ್ದ ತಪ್ಪು." ಅವಳು ಬ್ಯಾಗಿನಿಂದ ಹಲಗೆಯನ್ನು ತೆಗೆದು ಅವನ ಮುಖದ ಮುಂದೆ ಹಿಡಿದಳು. "ಇದ್ರಾಗ ನೀ ಯಾರನ್ನ ನೋಡಾಕತ್ತೀದಿ?"

ಅವನು ಚಿತ್ರವನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಚಿತ್ರವನ್ನು ನೋಡಿದ.

"ಎದುರಿಗೆ... ಬಣ್ಣದ ಡಬ್ಬಿ ಇತ್ತು."

"ಯಶವಂತ."

"ಒಂದು ಮೋಡಾ ಇತ್ತು."

"ಮೋಡಾದ ಮ್ಯಾಲ?"

ಅವನ ಚೇಷ್ಟೆ ಅಲ್ಲಿಗೆ ಮುಗಿಯಿತು. ಕಿವಿಯ ಹಿಂದೆ ಕೆಂಪು ನಿಧಾನವಾಗಿ ಏರುವುದನ್ನು ಅವಳು ನೋಡುತ್ತ ನಿಂತಳು.

"ಫೋಟೋ ಹಿಡ್ಕೊಂಡು ನಾನು ಬಂದದ್ದು ನೀನು ಬೇಡ ಅಂತ ಹೇಳ್ತೀ ಅಂತ," ಎಂದ. "ದಾರಿಯುದ್ದಕ್ಕೂ ಅದನ್ನೇ ಯೋಚನೆ ಮಾಡಿದ್ದು. ಬೇಡ ಅಂದ್ರೆ ಸಾಕು, ಮುಂದಿನದ್ದನ್ನು ನಾನು ಹೇಳ್ತೇನೆ ಅಂತ. ನೀನು ನೋಡಿದ್ರೆ ಹಾರ ಹಿಡ್ಕೊಂಡು ಓಡಿ ಬರ್ತಾಳೆ ಅಂದೆ. ದೋಸ್ತ ಅಂದೆ. ಅದರ ಮೊದಲೂ ಮೆಟ್ಟಿಲಲ್ಲಿ ನಿಂತು ಅಂದಿದ್ದೆ, ಕೇಳಿಸಿತ್ತು ನನಗೆ."

"ನೀನೂ ಅಂದಿದ್ದಿ. ಫ್ರೆಂಡ್, ಅಷ್ಟೇ, ಅಂತ. ನನಗೂ ಕೇಳಿಸಿತ್ತು."

"ಅದು ಆಫೀಸಿನವ! ಅವನಿಗೆ ಹೇಳಿದ್ರೆ ಇಡೀ ಫ್ಲೋರಿಗೆ ಮೇಲ್ ಹಾಕ್ತಾನೆ!"

"ನನಗ ಹೇಳಬಹುದಿತ್ತಲ್ಲೋ, ಕುರಿ!"

ಹೇಳುತ್ತ ಹೇಳುತ್ತಲೇ ಅವಳ ಕಣ್ಣು ತುಂಬಿತು, ಸಿಟ್ಟಿನಿಂದಲೋ ನಗುವಿನಿಂದಲೋ ಅವಳಿಗೇ ಗೊತ್ತಾಗಲಿಲ್ಲ. ಅವನು ಹಲಗೆಯನ್ನು ಮೆಲ್ಲನೆ ತೆಗೆದುಕೊಂಡು, ಖಾಲಿಯಾದ ಅವಳ ಕೈಯನ್ನು ಹಿಡಿದುಕೊಂಡ. ನೀಲಿ ಬಣ್ಣದ ಕಲೆಯ ಮೇಲೆ ಹೆಬ್ಬೆರಳನ್ನು ಸವರಿದ.

"ಗುರುದೇವೀ," ಎಂದ. ಪೂರ್ತಿ ಹೆಸರನ್ನು ಅವನು ಹೇಳಿದ್ದು ಅದೇ ಮೊದಲು. "ನನಗೆ ನೀನು ಬೇಕು. ಭಾನುವಾರ ಮಾತ್ರ ಅಲ್ಲ."

ಗಾಜಿನ ಕಟ್ಟಡದಿಂದ ಊಟಕ್ಕೆಂದು ಹೊರಬಂದ ಜನ ಅವರ ಪಕ್ಕದಲ್ಲೇ ಹರಿದು ಹೋಗುತ್ತಿದ್ದರು. ಯಾರೋ ಶಿಳ್ಳೆ ಹಾಕಿದರು. ಗುರುದೇವಿ ಕೈ ಬಿಡಿಸಿಕೊಳ್ಳಲಿಲ್ಲ.

"ನನಗೂ," ಎಂದಳು. "ಆದ್ರ ನಿಮ್ಮವ್ವಗ ಏನ್ ಹೇಳ್ತಿ? ನಾ ಮೀನ ಮುಟ್ಟಾಂಗಿಲ್ಲ."

"ಅಮ್ಮನಿಗೆ ಖುಷಿಯೇ. ನಿನ್ನ ಪಾಲಿನ ಬಂಗಡೆಯೂ ಉಳೀತದೆ."

"ನಮ್ಮಪ್ಪಗ ನಾ ಹೇಳಬೇಕಲ್ಲ. ಮೊದಲ ಬೈತಾನ. ಆಮ್ಯಾಲ ಒಂದು ವಾರ ಮಾತಾಡಾಂಗಿಲ್ಲ. ಆಮ್ಯಾಲ ಹುಡುಗಗ ರೊಟ್ಟಿ ತಿನ್ನಾಕ ಬರ್ತೈತೇನು ಅಂತ ಕೇಳ್ತಾನ."

"ಅದಕ್ಕೆ ನಾನು ಒಂದು ವರ್ಷದಿಂದ ಟ್ರೇನಿಂಗ್ ತಗೊಂಡಿದ್ದೇನೆ," ಎಂದು ಅವನು ಅಲ್ಲೇ ನಿಂತು ತಂಗಿಗೆ ಫೋನ್ ಹಚ್ಚಿದ. ಪೂರ್ವಿಯ ದನಿ ಗುರುದೇವಿಗೂ ಕೇಳುವಷ್ಟು ಜೋರಾಗಿತ್ತು.

"ಹುಡುಗಿಯಾ? ಗುರು ಅಂದ್ರೆ ಹುಡುಗಿಯಾ? ಅಯ್ಯೋ ದೇವರೇ! ಅಣ್ಣಾ, ನೀನು ಪ್ರತಿ ಭಾನುವಾರ ಗುರು ಹತ್ರ ಹೋಗ್ತೇನೆ, ಗುರು ಹಾಗೆ ಹೇಳಿದ್ರು ಹೀಗೆ ಹೇಳಿದ್ರು ಅಂತ ಹೇಳುವಾಗ ಅಮ್ಮ ನೀನು ಯಾವುದೋ ಸ್ವಾಮೀಜಿ ಹಿಂದೆ ಬಿದ್ದಿದ್ದೀ ಅಂದುಕೊಂಡದ್ದು! ಸನ್ಯಾಸಿ ಆಗಿಬಿಡ್ತಾನೆ ಅಂತ ಹೆದರಿಯೇ ನಾವು ಹುಡುಗಿ ಹುಡುಕಿದ್ದು!" ಆಮೇಲೆ ದೂರದಿಂದ, "ಅಮ್ಮಾ! ಸ್ವಾಮೀಜಿ ಅಲ್ವಂತೆ!" ಎಂಬ ಕೂಗು ಕೇಳಿತು.

ಇಬ್ಬರೂ ಹೊಂಗೆಮರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

*

ಅವನು ಆ ಮಧ್ಯಾಹ್ನ ಆಫೀಸಿಗೆ ಮರಳಲಿಲ್ಲ. ಬೈಕಿನ ಕೀ ಮಹಡಿಯಲ್ಲಿ ಅವನ ಟೇಬಲ್ಲಿನ ಮೇಲಿತ್ತು. ತರಲು ಹೋದರೆ ಮ್ಯಾನೇಜರ್ ಹಿಡಿದು ಕೂರಿಸುತ್ತಾನೆಂದು ಇಬ್ಬರೂ ತಾರ್ನಾಕದ ಬಸ್ಸು ಹತ್ತಿದರು.

ಬಸ್ಸಿನ ಮುಂದಿನ ಸೀಟುಗಳೆಲ್ಲ ಹೆಂಗಸರಿಗೆ, ಹಿಂದಿನವು ಗಂಡಸರಿಗೆ. ಕಂಡಕ್ಟರ್ ಯಶವಂತನನ್ನು "ವೆನಕ್ಕಿ, ವೆನಕ್ಕಿ" ಎಂದು ಹಿಂದಕ್ಕೆ ದಬ್ಬಿದಳು. ಆಗತಾನೇ ಸೇರಿದ ಕೈಗಳು ಬಿಟ್ಟುಕೊಂಡವು. ಗುರುದೇವಿಗೆ ಮುಂದೆ ಕಿಟಕಿಯ ಬಳಿ, ದೊಡ್ಡ ಕುಂಕುಮದ ತೆಲುಗು ಅಮ್ಮ ಒಬ್ಬರ ಪಕ್ಕ ಜಾಗ ಸಿಕ್ಕಿತು. ಅವನು ಕೊನೆಯ ಸೀಟಿನಲ್ಲಿ ಯಾರದೋ ಅಕ್ಕಿಮೂಟೆಯ ಪಕ್ಕ ಮುದುಡಿ ಕೂತ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು.

"ಎಂತ ಮಾಡ್ತಿದ್ದೀ?"

"ಬಸ್ಸಿನ್ಯಾಗ ಕುಂತೀನಿ. ನೀ?"

"ನಾನೂ ಅದೇ ಬಸ್ಸು. ಮುಂದೆ ಹಳದಿ ಬಟ್ಟೆಯ ಒಂದು ಹುಡುಗಿ ಉಂಟು. ತಿರುಗಿ ನೋಡ್ತಾಳಾ ಅಂತ ಕಾಯ್ತಿದ್ದೇನೆ."

ಗುರುದೇವಿ ತಿರುಗಿದಳು. ಜೋತಾಡುವ ಕೈಗಳು, ಟಿಫಿನ್ ಚೀಲಗಳು, ತಲೆಗಳ ನಡುವೆ ಅವನು ಫೋನನ್ನು ಕಿವಿಗೊತ್ತಿಕೊಂಡು ಇವಳನ್ನೇ ನೋಡುತ್ತಿದ್ದ. ಈಗ ಆ ನೋಟ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಮುಖ ತಿರುಗಿಸಿಕೊಂಡಳು, ತಡೆಯಲಾಗದೆ ಮತ್ತೆ ತಿರುಗಿದಳು.

ಪಕ್ಕದ ಅಮ್ಮ ಹಿಂದೆ ನೋಡಿದರು, ಮುಂದೆ ನೋಡಿದರು, ಮೊಣಕೈಯಿಂದ ಅವಳನ್ನು ತಿವಿದರು.

"ಎವರಮ್ಮಾ ಆಯನ?"

ಯಾರಮ್ಮಾ ಅವರು ಎಂದು ಕೇಳುತ್ತಿದ್ದರು. ಇಂಥ ಪ್ರಶ್ನೆಗೆ ಗುರುದೇವಿ ಇಷ್ಟು ದಿನ ಕೊಟ್ಟ ಉತ್ತರ ಒಂದೇ. ಇಂದು ಆ ಮಾತು ನಾಲಿಗೆಗೆ ಬರಲಿಲ್ಲ. ತೆಲುಗಿನಲ್ಲಿ 'ಆಯನ' ಎಂದರೆ ಅವರು. ಅದರ ಮೊದಲಿಗೆ 'ನಮ್ಮ' ಎಂಬರ್ಥದ 'ಮಾ' ಎನ್ನುವ ಒಂದೇ ಒಂದು ಚಿಕ್ಕ ಅಕ್ಷರ ಸೇರಿಸಿದರೆ ಸಾಕು, ನಮ್ಮ ಯಜಮಾನರು ಎಂಬ ಅರ್ಥ ಬಂದುಬಿಡುತ್ತದೆ.

"ಮಾ ಆಯನ," ಎಂದಳು ಗುರುದೇವಿ.

ಅಮ್ಮ ಕೆನ್ನೆ ತಟ್ಟಿ ನಕ್ಕರು. ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು.

"ಎಂತ ಹೇಳಿದ್ದು ನೀನು?" ಹೈದರಾಬಾದಿಗೆ ಬಂದು ಇಷ್ಟು ಕಾಲವಾದರೂ ತೆಲುಗು ಕಲಿಯದ ಯಶವಂತ ಕೇಳಿದ. "ಮಾ ಆಯನ ಅಂದ್ರೆ ಎಂತ?"

"ಬಾಜೂಕ ಕುಂತಾರಲ್ಲ, ಅವರ್ನ ಕೇಳು."

ಫೋನಿನಲ್ಲಿ ಅವನು ಅಕ್ಕಿಮೂಟೆಯವರನ್ನು ಹಿಂದಿಯಲ್ಲಿ ಕೇಳುವುದು ಕೇಳಿಸಿತು. ಅವರು ಏನೋ ವಿವರಿಸುವುದು ಕೇಳಿಸಿತು. ಆಮೇಲೆ ಬಸ್ಸಿನ ಹಿಂಬದಿಯಿಂದ, ಕೂತವನು ದಡಕ್ಕನೆ ಎದ್ದು ಮೇಲಿನ ಕಂಬಿಗೆ ತಲೆ ಬಡಿಸಿಕೊಂಡ ಸದ್ದು ಇಡೀ ಬಸ್ಸಿಗೆ ಕೇಳಿಸಿತು.